ಕೊಬ್ಬರಿ ಕಣದ ಕೆಳಗಿನ ಗುಂಡಿ

ಅದು ಕರೆಂಟೇ ಇರಲಿಕ್ಕಿಲ್ಲ, ಕೈ ಜಾರಿರಬಹುದು, ಅಥವಾ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಬೆಚ್ಚಿರಬಹುದು, ಮನುಷ್ಯರು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲು ನೂರು ಕಾರಣಗಳಿರುತ್ತವೆ ಎಂದು ರೇಣುಕಪ್ರಸಾದ ಪತ್ರಿಕೆಯ ಮರೆಯಲ್ಲಿ ಕೂತು ತನಗೆ ತಾನೇ ಹೇಳಿಕೊಂಡ. ಆದರೆ ಹಾಲು ನೆನಪಾದವರು ಕೈಯನ್ನು ಹಾಗೆ ಎದೆಗೆ ಒತ್ತಿಕೊಳ್ಳುವುದಿಲ್ಲ. ಅಡಿಗೆಮನೆಯಾಚೆಯ ತೊಳೆಯುವ ಕೋಣೆಯಲ್ಲಿ ಮನೆಗೆಲಸದ ಚಿಕ್ಕಗೌರಮ್ಮ ವಾಷಿಂಗ್ ಮಿಷಿನ್ನಿನ ಮುಚ್ಚಳಕ್ಕೆ ಬೆರಳು ತಾಗಿಸಿ, ತಟ್ಟನೆ ಹಿಂದೆಗೆದು, ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, ಆಮೇಲೆ ತಿರುಗಿ ನೋಡಿದ್ದಳು. ಅವನನ್ನೇ ಹುಡುಕಿ ನೋಡಿದ್ದಲ್ಲ, ಯಾರಾದರೂ ಕಂಡರೇ ಎಂದು ನೋಡಿದ್ದು. ಅವನು ಕಂಡಿದ್ದ. ಕಂಡದ್ದು ಆಕೆಗೆ ತಿಳಿಯುವ ಮೊದಲೇ ಪತ್ರಿಕೆ ಮೇಲೆತ್ತಿದ್ದ. ಈಗ ಆಕೆ ಮೂಲೆಯ ಬಿದಿರು ಕೋಲು ತೆಗೆದುಕೊಂಡು ಅದರ ತುದಿಯಿಂದ ಮುಚ್ಚಳ ಸರಿಸಿ, ಒಳಗಿನ ಬಟ್ಟೆಗಳನ್ನು ಹಾವು ಎತ್ತುವವರ ಹಾಗೆ ಒಂದೊಂದಾಗಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ಆ ಕೋಲಿನ ವಿಷಯಕ್ಕೆ ಅವನ ಹೆಂಡತಿ ಜೀವಿತಾ ಹಿಂದೊಮ್ಮೆ ಗದರಿದ್ದಳು. "ಕೈ ಇಲ್ವಾ ಗೌರಮ್ಮಾ ನಿಂಗೆ? ಕೋಲು ಹಾಕಿ ಹಾಕಿ ಒಳಗೆಲ್ಲ ಗೀರು ಬಿದ್ದಿದೆ ನೋಡು." ಚಿಕ್ಕಗೌರಮ್ಮ ನಕ್ಕಿದ್ದಳು. "ನಿಮ್ ಮಿಷಿನ್ಗೆ ನನ್ ಕಂಡ್ರೆ ಆಗಕ್ಕಿಲ್ಲ ಕಣವ್ವ. ಮುಟ್ಟಿದ್ರೆ ಜುಮ್ ಅಂತೈತೆ. ಹೊರಗ್ಲೋರು ಅಂತ ಅದ್ಕೂ ಗೊತ್ತಾಯ್ತದೆ." ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ.

ಪತ್ರಿಕೆಯ ಕೆಳಗಿನ ಅಂಚಿನಿಂದ ಅವನಿಗೆ ಆಕೆಯ ಪಾದಗಳು ಕಾಣುತ್ತಿದ್ದವು. ಒದ್ದೆ ನೆಲದ ಮೇಲೆ ಬರಿಯ ಪಾದಗಳು, ಹಿಮ್ಮಡಿಯ ಬಿರುಕುಗಳಲ್ಲಿ ಸೋಪಿನ ನೊರೆ. ಆ ಪಾದಗಳಿಂದ ಒಂದು ಮಾರಿನಾಚೆ, ಒಣಗಿದ ಹೊಸ್ತಿಲ ಮೇಲೆ, ಮೂರು ಜೊತೆ ನೀಲಿ ಹವಾಯಿ ಚಪ್ಪಲಿಗಳು ಸಾಲಾಗಿದ್ದವು. ಒಂದು ಅವನದು, ಒಂದು ಜೀವಿತಾಳದು, ಪುಟ್ಟದು ಮಗಳು ಲಿಖಿತಾಳದು. ಯುಗಾದಿಯ ಎಣ್ಣೆನೀರಿನ ದಿನ ಜೀವಿತಾಳಿಗೆ ಮಿಷಿನ್ನಿನಿಂದ ಮೊಣಕೈವರೆಗೂ ಜುಮ್ಮೆಂದಾಗ ಅವನೇ ಪೇಟೆಗೆ ಹೋಗಿ ತಂದಿದ್ದು. ಬೀದಿಯ ಧೂಳು ಕಾಣದ, ಮನೆಯೊಳಗೇ ಹುಟ್ಟಿ ಮನೆಯೊಳಗೇ ಸವೆಯುವ ಚಪ್ಪಲಿಗಳು. ಅಂದಿನಿಂದ ಅದು ಮನೆಯ ಶಾಸ್ತ್ರವಾಗಿಬಿಟ್ಟಿತ್ತು. ಲಿಖಿತಾ ಫ್ರಿಜ್ಜಿನ ಬಾಗಿಲಿಗೆ ಕೈ ಚಾಚಿದರೆ ಸಾಕು, ಯಾರಾದರೊಬ್ಬರು "ಚಪ್ಪಲಿ" ಅನ್ನುತ್ತಿದ್ದರು. ಅವನ ತಾಯಿ ಸಿದ್ದಗಂಗಮ್ಮ ಮಾತ್ರ ಆ ಯಂತ್ರಗಳ ಗೊಡವೆಗೇ ಹೋಗದೆ, ತನ್ನ ಪೂಜೆಯ ಸೀರೆಯನ್ನು ತಾನೇ ಹಿಂಡಿ ಹರವಿಕೊಳ್ಳುತ್ತಿದ್ದಳು. ಇಷ್ಟು ತಿಂಗಳು ಮನೆಯವರೆಲ್ಲ ರಬ್ಬರಿನ ಮೇಲೆ ನಿಂತು ಬೆರಳ ತುದಿಯಿಂದ ಮುಟ್ಟುತ್ತಿದ್ದ ಯಂತ್ರವನ್ನು ದಿನಾ ನೀರಿನಲ್ಲಿ ನಿಂತು ಮುಟ್ಟುತ್ತಿದ್ದವಳು ಚಿಕ್ಕಗೌರಮ್ಮ ಒಬ್ಬಳೇ. ಆಕೆಯ ಚಪ್ಪಲಿ ಮುಂಬಾಗಿಲಾಚೆ ಮೆಟ್ಟಿಲ ಪಕ್ಕದಲ್ಲಿರುತ್ತಿತ್ತು. ಅಲ್ಲಿ ಬಿಡು ಎಂದು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೇ ಇರಲಿಲ್ಲ. ಇದು ತನಗೆ ಈವತ್ತು ಬೆಳಿಗ್ಗೆಯ ತನಕ ಹೊಳೆದಿರಲಿಲ್ಲವೇ, ಅಥವಾ ಹೊಳೆದದ್ದನ್ನು ಚಪ್ಪಲಿಯ ಹಾಗೆಯೇ ಬಾಗಿಲಾಚೆ ಬಿಟ್ಟಿದ್ದೆನೇ ಎಂದು ಯೋಚಿಸಿದಾಗ ಅವನಿಗೆ ಕಿವಿ ಬಿಸಿಯಾಯಿತು.

ಎದ್ದು ಹೋಗಿ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ಏನೆಂದು ಕರೆದು ಹೇಳುವುದು? ಆಕೆ ಅವನಿಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು. ಅರಳಗುಪ್ಪೆ ಕಡೆ ನಾಲ್ಕು ತೆಂಗಿನಮರ, ಒಂದು ಹಸು, ರಾಗಿ ಹೊಲ ಇದ್ದ ಮನೆಯಿಂದ ಬಂದವಳು. ಜೀವಿತಾ "ನೀನು" ಅನ್ನುತ್ತಿದ್ದಳು, ತಾಯಿ "ಏನಮ್ಮಿ" ಅನ್ನುತ್ತಿದ್ದಳು. ಅವನಿಗೆ ಏಕವಚನ ಬಾಯಿಗೆ ಬರುತ್ತಿರಲಿಲ್ಲ, ಬಹುವಚನ ಬಳಸಿದರೆ ಮನೆಯವರ ಎದುರು ನಾಟಕವಾಡಿದಂತಾಗುತ್ತಿತ್ತು. ಹಾಗಾಗಿ ವರ್ಷಗಳಿಂದ ಆಕೆಯೊಡನೆ ಕ್ರಿಯಾಪದಗಳೇ ಇಲ್ಲದೆ ಮಾತಾಡುತ್ತಿದ್ದ. "ಒಂದು ಲೋಟ ನೀರು." "ಗೇಟಿನ ಬೀಗ." ಕಾಲೇಜಿನ ಬಸವ ಜಯಂತಿಯಲ್ಲಿ, ಲೈಬ್ರರಿಯನ್ನರಾದರೂ ಚೆನ್ನಾಗಿ ಓದಿಕೊಂಡವರು ಎಂದು ಪ್ರಾಂಶುಪಾಲರು ಅವನನ್ನು ವೇದಿಕೆಗೆ ಹತ್ತಿಸಿದ್ದಾಗ, ಕಾಯಕದ ಮುಂದೆ ಎಲ್ಲರೂ ಸಮ ಎಂದು ಅರ್ಧ ಗಂಟೆ ತಡವರಿಸದೆ ಮಾತಾಡಿದ್ದ. ಹುಡುಗರು ಚಪ್ಪಾಳೆ ತಟ್ಟಿದ್ದರು. ಅದೇ ಬಾಯಿ ಈಗ ಬೀಗದ ಹಾಗೆ ಬಿಗಿದುಕೊಂಡಿತ್ತು. ತಿಂಡಿಗೆ ಕೂತಾಗ, ಚಿಕ್ಕಗೌರಮ್ಮ ಮೇಲಿನ ಮನೆಯ ಕೆಲಸಕ್ಕೆ ಹೋದ ಸದ್ದು ಕೇಳಿದ ಮೇಲೆ, ಸುತ್ತಿ ಬಳಸಿ ಜೀವಿತಾಳನ್ನು ಕೇಳಿದ.

"ಇನ್ನೊಂದು ಜೊತೆ ಚಪ್ಪಲಿ ತಂದ್ರೆ ಹೇಗೆ?"

"ಯಾರಿಗೆ? ಅಮ್ಮ ಹಾಕ್ಕೊಳಲ್ಲ ಅಂದ್ರಲ್ಲ."

"ಗೌರಮ್ಮಂಗೆ. ಮಿಷಿನ್ ಹತ್ರ ನಿಂತಾಗ."

ಜೀವಿತಾ ರೊಟ್ಟಿ ಮಗುಚಿದಳು. "ತನ್ನಿ. ಬೇಡ ಅಂದೋರ್ ಯಾರು." ಇನ್ನೊಂದು ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ಕೇಳಿದಳು. "ತಂದು ಎಲ್ಲಿಡೋದು?"

ಅದರಲ್ಲಿ ಕೊಂಕಿರಲಿಲ್ಲ. ಹೊಸ ಬಕೆಟ್ ತಂದರೆ ಎಲ್ಲಿಡುವುದು ಎಂದು ಕೇಳಿದಷ್ಟೇ ಸರಾಗವಾಗಿ ಕೇಳಿದ್ದಳು. ಹೊಸ್ತಿಲ ಮೇಲಿನ ಸಾಲಿನಲ್ಲಿ, ಲಿಖಿತಾಳ ಪುಟ್ಟ ಚಪ್ಪಲಿಯ ಪಕ್ಕ ನಾಲ್ಕನೆಯ ಜೊತೆಯನ್ನು ಅವನು ಮನಸ್ಸಿನಲ್ಲೇ ಇಟ್ಟು ನೋಡಿದ. ಕೊಂಚ ದೂರ ಸರಿಸಿ ನೋಡಿದ. ಹೊಸ್ತಿಲಿನಾಚೆ ಇಟ್ಟು ನೋಡಿದ. ಒಳಗೆ ಸಿದ್ದಗಂಗಮ್ಮ ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ಕೂತಿದ್ದ ಕೋಣೆಯಿಂದ ವಿಭೂತಿಯ ತಣ್ಣನೆಯ ವಾಸನೆ ಬರುತ್ತಿತ್ತು. ಜೀವಿತಾ ಉತ್ತರಕ್ಕಾಗಿ ಕಾಯದೆ ಚಟ್ನಿ ಬಡಿಸಿದಳು. ತನಗೆ ಉತ್ತರ ಗೊತ್ತಿಲ್ಲವೆಂಬುದು ಅವನನ್ನು ಕುಟುಕಿದ ರೀತಿಯೇ ವಿಚಿತ್ರವಾಗಿತ್ತು. ಯಾರೋ ಹಿಂದಿನಿಂದ ಕತ್ತು ಹಿಡಿದು ನಿಲ್ಲಿಸಿದ ಹಾಗೆ. "ಚಪ್ಪಲಿ ಬೇಡ ಬಿಡು" ಎಂದ. "ಶಾಕೇ ಹೊಡೀಬಾರದು, ಹಾಗೆ ಮಾಡಿಸ್ತೀನಿ. ಇಡೀ ಬಿಲ್ಡಿಂಗಿಗೆ." ಹಾಗೆಂದ ಕೂಡಲೇ ಎದೆ ಹಗುರವಾಯಿತು. ಅದು ದೊಡ್ಡ ಮಾತು, ಶುದ್ಧವಾದ ಮಾತು. ಅದರಲ್ಲಿ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಮಾಡಿಯೇ ತೀರುತ್ತೇನೆ ಎಂಬ ಹಟ ಅಲ್ಲಿಂದ ಅವನಲ್ಲಿ ಬೆನ್ನುಮೂಳೆಯ ಹಾಗೆ ನೆಟ್ಟಗೆ ನಿಂತಿತು.

ಊರಿನವರು ಆ ಕಟ್ಟಡವನ್ನು ಗೋಡೌನ್ ಅಪಾರ್ಟ್‌ಮೆಂಟು ಎನ್ನುತ್ತಿದ್ದರು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಅವನ ದೊಡ್ಡಪ್ಪ ತೋಂಟದಾರ್ಯ ಕಟ್ಟಿಸಿದ್ದು. ಕೆಳಗೆ ಕೊಬ್ಬರಿ ಗೋಡೌನು, ಮೇಲೆ ಮೂರು ಮಹಡಿ. ಕಟ್ಟಿದ ಕಾಲಕ್ಕೆ ಮನೆಗೊಂದು ಫ್ಯಾನು, ನಾಲ್ಕು ಬಲ್ಬು, ಒಂದು ರೇಡಿಯೊ ಇದ್ದವು. ಆಮೇಲೆ ಬಂದ ಫ್ರಿಜ್ಜು, ಗೀಸರು, ಮಿಕ್ಸಿ, ಮಿಷಿನ್ನುಗಳೆಲ್ಲ ಅದೇ ಹಳೆಯ ತಂತಿಗಳಿಗೇ ಜೋತುಬಿದ್ದಿದ್ದವು. ಸಂಜೆ ಬಂದ ಎಲೆಕ್ಟ್ರಿಷಿಯನ್ ಭೀಮರಾಜು ಹಣೆಗೆ ಟೆಸ್ಟರು ಒತ್ತಿಕೊಂಡು ಬೋರ್ಡನ್ನು ನೋಡಿ, "ಸಾರ್, ನಿಮ್ ಪ್ಲಗ್ಗಲ್ಲಿ ಮೂರ್ ತೂತೈತೆ, ಮೂರ್ನೇದು, ಅರ್ತ್‌ದು, ಬರೀ ಶೋಕಿಗೆ" ಎಂದ. ಒಂದು ಬಲ್ಬಿನ ಒಂದು ತಂತಿಯನ್ನು ಲೈನಿಗೂ ಇನ್ನೊಂದನ್ನು ಆ ಮೂರನೆಯ ತೂತಿಗೂ ಸಿಕ್ಕಿಸಿ ಹಿಡಿದ. ಬಲ್ಬು ಹತ್ತಲಿಲ್ಲ. ಬದಲಿಗೆ ಮೇಲಿನ ಮನೆಯಿಂದ ಪಾತ್ರೆ ಬಿದ್ದ ಸದ್ದೂ ವಿಮಲಮ್ಮನ ಕೂಗೂ ಒಟ್ಟಿಗೆ ಕೇಳಿದವು.

"ಯಾರ್ರೀ ಅದು ಕೆಳಗೆ? ಏನ್ ಮಾಡ್ತಿದ್ದೀರ? ನಮ್ ಫ್ರಿಜ್ಜು ಕಚ್ತು ಕಣ್ರೀ ನನ್ನ!"

ಭೀಮರಾಜು ಬೆಚ್ಚಿ ತಂತಿ ಕಿತ್ತ. "ಏನಿಲ್ಲ ಬುಡ್ರಮ್ಮಾ, ಚೆಕಿಂಗು!" ಎಂದು ಮೇಲಕ್ಕೆ ಕೂಗಿ, ಅವನತ್ತ ತಿರುಗಿ ಸಣ್ಣ ದನಿಯಲ್ಲಿ, "ಹಿಂಗ್ ಮಾಡ್ಬಾರ್ದಾಗಿತ್ತು ಸಾರ್. ಎಲ್ಲಾ ಮನೆ ಅರ್ತ್ ವೈರೂ ಒಂದೇ. ನೆಲಕ್ಕೆ ಹೋಗಕ್ಕೆ ದಾರಿ ಇಲ್ದೆ ಮನೆಮನೆ ಸುತ್ತಾಕ್ತೈತೆ ಕರೆಂಟು" ಎಂದ. ರೇಣುಕಪ್ರಸಾದ ಗೋಡೆಯ ಕಡೆ ನೋಡಿದ. ಯಾರದೋ ಮನೆಯ ಗೀಸರಿನಲ್ಲಿ ಸೋರುವುದು ಇನ್ನಾರದೋ ಮನೆಯ ಮಿಷಿನ್ನಿನ ಮೈಗೆ ಬಂದು ನಿಲ್ಲುತ್ತದೆ. ಬಾಗಿಲು ಹಾಕಿಕೊಂಡು, ಒಬ್ಬರ ಮನೆಯ ಒಗ್ಗರಣೆಯ ವಾಸನೆಗೂ ಇನ್ನೊಬ್ಬರು ಮೂಗು ಮುಚ್ಚಿಕೊಂಡು ಬದುಕುತ್ತಿದ್ದ ಆರು ಮನೆಗಳು ಗೋಡೆಯೊಳಗೆ ಒಂದೇ ಹಸಿರು ತಂತಿಯಲ್ಲಿ ಪೋಣಿಸಿಕೊಂಡಿದ್ದವು. ಭೀಮರಾಜು ಚೀಲದಿಂದ ಗೇಣುದ್ದದ ವೈರು ತೆಗೆದ. "ಕರೆಂಟು ವಾಪಸ್ ಹೋಗೋ ನ್ಯೂಟ್ರಲ್ ವೈರಿಗೂ ಅರ್ತಿಗೂ ಇಲ್ಲೇ ಒಂದ್ ಗಂಟು ಕೊಟ್ಬುಡ್ತೀನಿ. ನಿಮ್ ಮಿಷಿನ್ನು ಕುರಿಮರಿ ಆಗೋಯ್ತದೆ. ಊರಲ್ಲಿ ಎಷ್ಟ್ ಮನೆಗೆ ಮಾಡಿಲ್ಲ ನಾನು."

"ನ್ಯೂಟ್ರಲ್ ಎಲ್ಲಾದ್ರೂ ಕಡಿದುಹೋದ್ರೆ?"

"ಅದ್ಯಾಕ್ ಕಡೀತದೆ ಸಾರ್?"

"ಕಡಿದ್ರೆ?"

ಭೀಮರಾಜು ಟೆಸ್ಟರಿನ ತುದಿಯಿಂದ ಕಿವಿ ಕೆರೆದುಕೊಂಡ. "ಕಡಿದ್ರೆ ಮಿಷಿನ್ನಿನ ಮೈಯೇ ಲೈನಾಯ್ತದೆ. ಆವಾಗ ಯಾರ್ ಮುಟ್ಟಿದ್ರೂ ಅಷ್ಟೇ ಬುಡಿ."

"ಹಾಗಾದ್ರೆ ಬೇಡ. ಸರಿಯಾದದ್ದೇ ಮಾಡು."

"ಸರಿಯಾದ್ದು ಅಂದ್ರೆ ಗುಂಡಿ ಬೇಕಲ್ಲ ಸಾರ್. ಈ ಬಿಲ್ಡಿಂಗ್ದು ಅರ್ತ್ ಗುಂಡಿ ಎಲ್ಲೈತೆ?"

ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಗೋಡೌನಿನ ಹಿಂದಿನ ಗೋಡೆಯ ಬುಡದಲ್ಲಿ ಅದು ಬಾಯ್ತೆರೆದುಕೊಂಡಿದ್ದ ಕಾಲ ನೆನಪಿತ್ತು. ಬೇಸಿಗೆಯ ಬೆಳಿಗ್ಗೆ ಕಾವಲುಗಾರ ಗಿಡ್ಡಯ್ಯ ಒಂದು ಕೊಡ ನೀರು ತಂದು, ಮಣ್ಣು ಒದ್ದೆಯಿದ್ದರೇ ಕರೆಂಟು ನೆಲಕ್ಕಿಳಿಯುವುದೆಂದು, ಅದರ ಕೊಳವೆಗೆ ಸುರಿಯುತ್ತ "ಕರೆಂಟಮ್ಮಂಗೆ ಬಾಯಾರಿಕೆ" ಎನ್ನುತ್ತಿದ್ದ. ಆಮೇಲೊಂದು ಮಳೆಗಾಲ ಗೋಡೌನಿನ ಗೋಡೆ ತೇವ ಹೀರಿ ಮೂಟೆಗಳ ಕೆಳಸಾಲಿಗೆ ಬೂಸ್ಟು ಬಂತು. ಈ ಸೀಮೆಯಲ್ಲಿ ಜನ ಕರೆಂಟಿಗೆ ಹೆದರುವುದಿಲ್ಲ, ತೇವಕ್ಕೆ ಹೆದರುತ್ತಾರೆ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನೆ ಕಾಯುತ್ತಾರೆ. ಒಳಗಿನ ನೀರು ಇಂಗಿ, ತಿರುಳು ತಾನಾಗಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನುವವರೆಗೂ. ಅಷ್ಟು ದಿನದ ಮೌನ ಒಂದು ವಾರದ ತೇವಕ್ಕೆ ಹಾಳಾಗುವುದನ್ನು ಕಂಡ ದೊಡ್ಡಪ್ಪನಿಗೆ ಗೋಡೆಯ ಬುಡದಲ್ಲಿ ದಿನವೂ ನೀರು ಕುಡಿಯುವ ಆ ಗುಂಡಿಯೇ ಶತ್ರುವಾಗಿ ಕಂಡಿತ್ತು. ಕೊಳವೆ ಕತ್ತರಿಸಿ, ಗುಂಡಿಗೆ ಜಲ್ಲಿ ತುಂಬಿಸಿ, ಮೇಲೆ ಹಿತ್ತಲ ಉದ್ದಕ್ಕೂ ಸಿಮೆಂಟು ಕಣ ಮಾಡಿಸಿದ. ಅಂದಿನಿಂದ ಅಲ್ಲಿ ಕೊಬ್ಬರಿ ಒಣಗುತ್ತಿತ್ತು. ಅದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ. ಗಾರೆಯವನಿಗೂ, ಮೇಲಿನಿಂದ ನೋಡುತ್ತ ನಿಂತಿದ್ದ ರೇಣುಕಪ್ರಸಾದನಿಗೂ. ಆಗ ಅವನು ಡಿಗ್ರಿ ಓದುತ್ತಿದ್ದ. ಭೂಮಿ ಎಂಬುದು ಒಂದು ಸೊನ್ನೆ, ಎಲ್ಲ ವಿದ್ಯುತ್ತೂ ಅಲ್ಲಿಗೆ ಮರಳಿ ಶಾಂತವಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದ.

ಮಾರನೆಯ ದಿನ ಕಾಲೇಜಿಗೆ ಹೋಗುವ ಮೊದಲು ಗೋಡೌನಿಗೆ ಇಳಿದ. ಕೊಬ್ಬರಿ ಆಯುತ್ತಿದ್ದ ಹೆಂಗಸರು ಸೆರಗು ಸರಿಮಾಡಿಕೊಂಡರು. ತೋಂಟದಾರ್ಯ ಇಬ್ಬರು ವ್ಯಾಪಾರಿಗಳ ನಡುವೆ ಕುರ್ಚಿ ಹಾಕಿಕೊಂಡು, ಒಂದು ಉಂಡೆ ಕೊಬ್ಬರಿಯನ್ನು ಅಂಗೈಯಲ್ಲಿ ಉರುಳಿಸುತ್ತ ಉಗುರಿನಿಂದ ತಟ್ಟುತ್ತಿದ್ದ.

"ಏನ್ಲಾ ಪ್ರಸಾದಿ, ಲೈಬ್ರರಿ ಬಾಗ್ಲು ತೆಗೀಲಿಲ್ವಾ ಇವತ್ತು? ಪುಸ್ತಕ ಎಲ್ಲಾ ಉಸ್ರು ಕಟ್ಟಿ ಸತ್ತೋದಾವು!"

ವ್ಯಾಪಾರಿಗಳು ನಕ್ಕರು. ರೇಣುಕಪ್ರಸಾದ ನಗಲಿಲ್ಲ. "ದೊಡ್ಡಪ್ಪ, ಹಿಂದಿನ ಕಣ ಸ್ವಲ್ಪ ಒಡೀಬೇಕು" ಎಂದ. ರಾತ್ರಿಯೆಲ್ಲ ಹೊಸೆದಿದ್ದ ಪೀಠಿಕೆಗಳೆಲ್ಲ ಬಿದ್ದುಹೋಗಿ ಆ ಒಂದು ವಾಕ್ಯ ಮಾತ್ರ ಉಳಿದಿತ್ತು.

"ಏನೊಡೀಬೇಕು?"

"ಕಣ. ಅದರ ಕೆಳಗೆ ಅರ್ಥಿಂಗ್ ಗುಂಡಿ ಇದೆಯಲ್ಲ, ಅದಕ್ಕೆ ಇಳಿಯೋ ಕಬ್ಬಿಣದ ಪಟ್ಟಿ ಹುಡುಕಬೇಕು."

"ಇತ್ತು. ಮುಚ್ಚಿಸ್ದೆ. ನೀರ್ ಕುಡ್ಸಿ ಕುಡ್ಸಿ ನನ್ ಗೋಡೆ ಕೊಳೆಸಿದ್ರು." ದೊಡ್ಡಪ್ಪ ವ್ಯಾಪಾರಿಗಳ ಕಡೆ ನೋಡಿದ. "ಮುಚ್ಚಿಸಿ ಎಷ್ಟ್ ಕಾಲ ಆಯ್ತು, ಯಾರಾದ್ರೂ ಸತ್ತವ್ರೇನ್ಲಾ? ಪುಸ್ತಕ ಓದಿ ಓದಿ ನಿಂಗೆ ಇಲ್ದಿದ್ ಭಯ."

"ಮಿಷಿನ್ನಿನಿಂದ ಶಾಕ್ ಹೊಡೀತಿದೆ ದೊಡ್ಡಪ್ಪ."

"ಯಾರಿಗೆ?"

ಅಷ್ಟು ಸರಳವಾದ ಪ್ರಶ್ನೆ ಬರುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಉತ್ತರ ನಾಲಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಮುಂದೇನಾಗುತ್ತದೆ ಎಂಬುದೂ ಕಣ್ಣಿಗೆ ಕಟ್ಟಿದ ಹಾಗಿತ್ತು. ದೊಡ್ಡಪ್ಪ ಕೆಟ್ಟವನಲ್ಲ. ಚಿಕ್ಕಗೌರಮ್ಮನ ಮಗಳು ಸುನಂದಾಳ ಮದುವೆಗೆ ಗೋಣಿ ತುಂಬ ಕಾಯಿ ಕೊಟ್ಟು ಕಳಿಸಿದವನು. ಆದರೂ "ಕೆಲಸದೋಳಿಗಾ?" ಎನ್ನುತ್ತಾನೆ. ವ್ಯಾಪಾರಿಗಳಲ್ಲೊಬ್ಬ ಮುಗುಳ್ನಗುತ್ತಾನೆ. "ಅದ್ಕೆ ನನ್ ಕಣ ಯಾಕ್ಲಾ ಒಡೀಬೇಕು, ಕಾಲ್ಗೊಂದು ಚಪ್ಪಲಿ ಹಾಕ್ಕಳಕ್ ಹೇಳು" ಎನ್ನುತ್ತಾನೆ. ಕೊಬ್ಬರಿ ಆಯುವ ಹೆಂಗಸರ ಕೈಗಳೂ ನಿಧಾನವಾಗಿದ್ದವು. ಅವರೂ ಬರಿಗಾಲಲ್ಲಿದ್ದರು.

"ಲಿಖಿತಾಗೆ" ಎಂದ.

ದೊಡ್ಡಪ್ಪನ ಅಂಗೈಯಲ್ಲಿ ಕೊಬ್ಬರಿ ನಿಂತಿತು. "ಮಗೀಗಾ?" ಎಂದು ಎದ್ದೇಬಿಟ್ಟ. "ಯಾವಾಗ್ಲಾ? ಅದನ್ನ ಮೊದ್ಲು ಬೊಗಳಾದಲ್ವೇನ್ಲಾ! ಕಣ ಗಿಣ ಅಂತ ಪುರಾಣ ತೆಗೀತಾನೆ." ವ್ಯಾಪಾರಿಗಳು ಚುಚ್ಚ್ ಎಂದರು. "ಒಡಿ. ಭಾನುವಾರ ಕೊಬ್ರಿ ಎತ್ತಿಸ್ತೀನಿ. ಆದ್ರೆ ಹೊಸ ಗುಂಡಿ ನನ್ ಗೋಡೆ ಹತ್ರ ಬ್ಯಾಡ ಕಣ್ಲಾ, ಕಾಂಪೌಂಡ್ ಮೂಲೇಲಿ ಆ ತೆಂಗಿನಮರ ಐತಲ್ಲ, ಅದರ ಬುಡದಾಗೆ ತೋಡು. ಅದೂ ನೀರು ಕುಡೀಲಿ." ಹಿಂದಿನಿಂದ ಒಬ್ಬ ಮುದುಕಿ "ಕೂಸು ಉಸಾರೈತಾ ಸಾಮಿ?" ಎಂದು ಕೇಳಿದಳು. ಅವನು ಹೂಂ ಎಂದ. ಗೆದ್ದಿದ್ದ. ಕಾಲೇಜಿನ ದಾರಿಯುದ್ದಕ್ಕೂ ಆ ಗೆಲುವು ಕಮಟು ಕೊಬ್ಬರಿ ತಿಂದ ಹಾಗೆ ಗಂಟಲಲ್ಲಿ ನಿಂತಿತ್ತು. ಕೆಟ್ಟದ್ದೇನು ಮಾಡಿದೆ, ಕೆಲಸ ಆಗುವುದು ಮುಖ್ಯ, ಯಾರ ಹೆಸರಲ್ಲಿ ಆಯಿತೆಂಬುದು ಕರೆಂಟಿಗೆ ಗೊತ್ತಾಗುತ್ತದೆಯೇ ಎಂದು ವಾದಿಸಿಕೊಂಡ. ವಾದ ಸರಿಯಾಗಿಯೇ ಇತ್ತು.

ಭಾನುವಾರ ಬರುವ ತನಕ ಚಿಕ್ಕಗೌರಮ್ಮನಿಗೆ ಶಾಕ್ ಹೊಡೆಯದ ಹಾಗೆ ನೋಡಿಕೊಳ್ಳಬೇಕಿತ್ತು. ಬೆಳಿಗ್ಗೆ ಆಕೆ ಬರುವ ಮೊದಲೇ ಎದ್ದು ತಾನೇ ಬಟ್ಟೆ ಹಾಕಿ, ತಿರುಗಿಸಿ, ತೆಗೆದು, ಬಕೆಟ್ಟಿನಲ್ಲಿಟ್ಟು, ಮಿಷಿನ್ನಿನದೂ ಗೀಸರಿನದೂ ಫ್ರಿಜ್ಜಿನದೂ ಪ್ಲಗ್ಗು ಕಿತ್ತಿಡುತ್ತಿದ್ದ. ಜೀವಿತಾ ನಕ್ಕಳು. "ಇದೇನ್ರೀ ಹೊಸ ಅವತಾರ? ಮದುವೆ ಆದ ಹೊಸತರಲ್ಲೂ ಒಂದು ಕರ್ಚೀಫ್ ಒಗೆದೋರಲ್ಲ!" ಅವನು ಕೆಲಸ ಮುಗಿಯುವ ತನಕ ಹೀಗೇ ಎಂದ. ಚಪ್ಪಲಿ ಹಾಕಿಕೊಂಡು, ಒಣಬಟ್ಟೆಯಲ್ಲಿ ಕೈ ಒರೆಸಿಕೊಂಡು, ಪ್ಲಗ್ಗು ಕೀಳುವಾಗ ಅವನಿಗೆ ತಾನು ಯಾರಿಗೋ ಹರಕೆ ತೀರಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಆ ಹಿತ ಹೆಚ್ಚು ದಿನ ಉಳಿಯಲಿಲ್ಲ. ಶನಿವಾರ, ಅವನು ಬೂಟಿನ ಲೇಸು ಕಟ್ಟುತ್ತಿದ್ದಾಗ, ಚಿಕ್ಕಗೌರಮ್ಮ ಬಂದು ಗೋಡೆಗೆ ಒತ್ತಿ ನಿಂತಳು. ಆಕೆ ಅವನ ಮುಂದೆ ಹಾಗೆ ನಿಂತದ್ದು ಅದೇ ಮೊದಲು.

"ಸಾರ್, ನನ್ನಿಂದ ಏನಾರ ತಪ್ಪಾಯ್ತಾ?"

"ಯಾಕೆ?"

"ಬಟ್ಟೆ ಎಲ್ಲಾ ನೀವೇ ಮಾಡ್ಕತೀರ. ನಾನ್ ಬರಾದ್ರೊಳಗೆ ಆಗೋಗಿರ್ತದೆ. ಕೋಲಿಂದ ಗೀರಾಯ್ತು ಅಂತ ಜೀವಿತಮ್ಮ ಬೇಜಾರ್ ಮಾಡ್ಕಂಡ್ರು, ಅದ್ಕೇನಾ? ಬ್ಯಾರೆಯೋರನ್ನ ನೋಡ್ಕಂಡಿದ್ರೆ ಹೇಳ್ಬುಡಿ ಸ್ವಾಮಿ. ತಿಂಗ್ಳ ನಡುಮಧ್ಯ ಬ್ಯಾಡ ಅಂದ್ರೆ ಎಲ್ಲೋಗಿ ಕೇಳ್ಲಿ ನಾನು?"

ಆಕೆಯನ್ನು ಕಾಪಾಡುತ್ತೇನೆಂದು ಹೊರಟವನು ಆಕೆಯ ಅನ್ನಕ್ಕೇ ಕೈಹಾಕಿದಂತೆ ಕಾಣುತ್ತಿದ್ದ. ಈಗ ಹೇಳಬೇಕು, ಅವತ್ತು ನಾನು ನೋಡಿದೆ, ಹೊಡೆದದ್ದು ಜೋರಾಗಿಯೇ ಇತ್ತು, ಬರಿಗಾಲಲ್ಲಿ ನಿಲ್ಲುವುದು ಬೇಡ. ಬಾಯಿ ತೆರೆದ. "ಮಿಷಿನ್ ರಿಪೇರಿ" ಎಂದ. ಸಾಲದೆಂದು, "ತಪ್ಪೇನಿಲ್ಲ. ಸೋಮವಾರದಿಂದ ಮೊದಲಿನ ಹಾಗೇ" ಎಂದು ಸೇರಿಸಿದ. ಇಡೀ ಮಾತಿನಲ್ಲಿ ಒಂದೇ ಒಂದು ಕ್ರಿಯಾಪದವೂ ಆಕೆಯತ್ತ ತಿರುಗಿರಲಿಲ್ಲ. ಆಕೆಯ ಮುಖ ಬಿಚ್ಚಿಕೊಂಡಿತು. "ಅಷ್ಟೇನಾ! ಅಯ್ಯೋ, ರಾತ್ರಿ ಎಲ್ಲಾ ಕಣ್ ಮುಚ್ಚಿಲ್ಲ ಕಣಪ್ಪ ನಾನು" ಎಂದು ನಗುತ್ತ ಒಳಗೆ ಹೋದಳು.

ಭಾನುವಾರ ಕಣದ ಮೂಲೆಗೆ ಮೊದಲ ಏಟು ಅವನೇ ಹಾಕಿದ. ಆಳುಗಳು ಬೇಡವೆಂದರೂ ಹಾರೆ ಬಿಡಲಿಲ್ಲ. ದೊಡ್ಡಪ್ಪ ಕೊಡೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತು, "ನೋಡ್ರಲಾ, ಲೈಬ್ರರಿ ಹಾರೆ ಹಿಡ್ಕಂಡೈತೆ, ಮಳೆ ಬತ್ತದೆ ಕೊಬ್ರಿ ಒಳಗಾಕ್ರಿ" ಎಂದು ಗೇಲಿ ಮಾಡಿದ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಉರಿ ಹಿತವಾಗಿತ್ತು. ಪ್ರತಿ ಏಟಿಗೂ ಸಿಮೆಂಟು ಚೂರು ಮೇಲೆದ್ದಾಗ ಅವನು ಮನಸ್ಸಿನಲ್ಲೇ ಒಂದು ಮಾತನ್ನು ಸಲ್ಲಿಸಿದ ಹಾಗಿರುತ್ತಿತ್ತು. ಮೊಣಕಾಲಾಳ ಹೋದ ಮೇಲೆ ಪಟ್ಟಿಯ ತುದಿ ಸಿಕ್ಕಿತು. ಯಾರೋ ಗರಗಸದಿಂದ ನೀಟಾಗಿ ಕುಯ್ದಿದ್ದರು. ಅಲ್ಲಿಂದ ಕೆಳಗೆ ಏನೂ ಇರಲಿಲ್ಲ. ಭೀಮರಾಜು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದ. ಅದು ಬೆರಳ ಸಂದಿಯಿಂದ ಹಿಟ್ಟಿನಂತೆ ಉದುರಿತು. "ಹಿಂಗ್ ಒಣಗಿದ್ರೆ ಕೊಬ್ರಿ ಆಯ್ತದೆ ಸಾರ್, ಅರ್ತ್ ಆಗಕ್ಕಿಲ್ಲ" ಎಂದ. ದೊಡ್ಡಪ್ಪನೂ ನಕ್ಕುಬಿಟ್ಟ.

ತೆಂಗಿನಮರದ ಮಗ್ಗುಲಲ್ಲಿ ಆಳುಗಳು ಎದೆಯಾಳಕ್ಕೂ ಮೀರಿ ತೋಡಿದರು. ಕೊಳವೆ ನಿಲ್ಲಿಸಿ, ಸುತ್ತ ತೆಂಗಿನ ಚಿಪ್ಪಿನ ಇದ್ದಿಲು ಒಂದು ಪದರ, ಕಲ್ಲುಪ್ಪು ಒಂದು ಪದರ ಹಾಕಿ, ನೀರು ಸುರಿದು, ಹಳೆಯ ಪಟ್ಟಿಯ ತುದಿಗೆ ಹೊಸದನ್ನು ಬೋಲ್ಟು ಬಿಗಿದು ಅಲ್ಲಿಯವರೆಗೂ ಎಳೆದರು. ಬಲ್ಬು ಹಚ್ಚಿ ನೋಡುವ ಮೊದಲು ರೇಣುಕಪ್ರಸಾದ ಒಂದೊಂದು ಮನೆಯ ಬಾಗಿಲನ್ನೂ ತಟ್ಟಿ, ಯಾರೂ ಏನನ್ನೂ ಮುಟ್ಟಬೇಡಿ ಎಂದು ಹೇಳಿ ಬಂದ. ಈ ಸಲ ಬಲ್ಬು ಹತ್ತಿತು. ಅಳುಕದೆ, ಕಣ್ಣಿಗೆ ಕುಕ್ಕುವಷ್ಟು ಬೆಳಕಾಗಿ. ಸೋರಿಕೆಯಾದರೆ ತಾನೇ ಬೀಳುವ ಸ್ವಿಚ್ಚನ್ನು ಭೀಮರಾಜು ಮನೆಗೊಂದರಂತೆ ಕೂರಿಸುತ್ತ ಬಂದಾಗ, ತೋಂಟದಾರ್ಯನ ಮನೆಯದು ಮಾತ್ರ ಮೇಲೆತ್ತಿದ ಹಾಗೆಲ್ಲ ಟಪ್ಪೆಂದು ಬೀಳುತ್ತಿತ್ತು. ಅವರ ಗೀಸರಿನ ಕಾಯಿಲು ಎಂದೋ ಒಡೆದಿತ್ತು. "ಅಂದ್ರೆ ನಮ್ಮನೆ ಕರೆಂಟೇ ಮಗಾನ ಹೊಡ್ದಿದ್ದಾ?" ಎಂದು ದೊಡ್ಡಪ್ಪ ಮೆಲ್ಲಗೆ ಕೇಳಿದ. ಆ ಮುಖ ನೋಡಲಾಗದೆ ರೇಣುಕಪ್ರಸಾದ ನಲ್ಲಿಯ ಕಡೆ ತಿರುಗಿ ಕೈ ತೊಳೆಯತೊಡಗಿದ. ಚೀಲ ಕಟ್ಟಿಕೊಂಡು ಹೊರಟ ಭೀಮರಾಜು ಗೇಟಿನಲ್ಲಿ ನಿಂತು ಹೇಳಿದ. "ಎಲ್ಲಾ ಸರಿ ಆಯ್ತು. ಆದ್ರೂ ಸಾರ್, ಯಂತ್ರ ಅಲ್ವಾ, ನಂಬಕ್ಕಾಗಲ್ಲ. ಒದ್ದೆ ಕಾಲಲ್ಲಿ, ಬರಿಗಾಲಲ್ಲಿ ಮುಟ್ಟಾದ್ ಬ್ಯಾಡ ಅಂತ ಎಲ್ರಿಗೂ ಹೇಳ್ಬುಡಿ." ಹೇಳುತ್ತೇನೆ ಎಂದ ರೇಣುಕಪ್ರಸಾದ.

ಸೋಮವಾರ ಬೆಳಿಗ್ಗೆ ಚಿಕ್ಕಗೌರಮ್ಮ ಬಂದವಳೇ ತೊಳೆಯುವ ಕೋಣೆಗೆ ಹೋಗದೆ, ಸ್ಕೂಲಿಗೆ ಸಿದ್ಧವಾಗುತ್ತಿದ್ದ ಲಿಖಿತಾಳನ್ನು ನಡುಮನೆಯಲ್ಲಿ ನಿಲ್ಲಿಸಿದಳು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ. "ಗೋಡೌನ್ ಹೆಂಗಸ್ರು ಹೇಳಿದ್ರು ಕಣವ್ವ, ನಮ್ ಕೂಸಿಗೆ ಕರೆಂಟ್ ಹೊಡ್ದಿತ್ತಂತೆ. ನನ್ಗೊಂದ್ ಮಾತ್ ಹೇಳ್ಬಾರ್ದಾ ಜೀವಿತಮ್ಮ?" ಎಂದು ಮುಷ್ಟಿಯನ್ನು ಮಗುವಿನ ನೆತ್ತಿಯಿಂದ ಪಾದದವರೆಗೂ ಇಳಿಸತೊಡಗಿದಳು. ಜೀವಿತಾ ಗಂಡನ ಮುಖ ನೋಡಿದಳು. ಲಿಖಿತಾಳೂ ನೋಡಿದಳು.

"ನಂಗೆ ಯಾವಾಗ ಹೊಡೀತಪ್ಪ?"

ಚಿಕ್ಕಗೌರಮ್ಮನ ಕೈ ಮಗುವಿನ ಮೊಣಕಾಲಿನ ಹತ್ತಿರ ನಿಂತಿತು. ಆಕೆ ಅವನತ್ತ ನೋಡಲಿಲ್ಲ. ಮಗುವಿನ ನೀಲಿ ಚಪ್ಪಲಿಗಳನ್ನು, ಆಮೇಲೆ ನೆಲವನ್ನು, ಒಂದು ಕ್ಷಣ ಹೆಚ್ಚೇ ಅನ್ನಿಸುವಷ್ಟು ಹೊತ್ತು ನೋಡಿದಳು. ಬಳಿಕ ಉಳಿದರ್ಧವನ್ನೂ ಇಳಿಸಿ ಮುಗಿಸಿದಳು. "ಮಗೀಗೆ ಮರ್ತೋಗೈತೆ" ಎಂದಳು. "ಮರ್ತ್ರೆ ಒಳ್ಳೇದೇ ಬುಡಿ." ಉಪ್ಪು ಮೆಣಸಿನಕಾಯಿಯನ್ನು ಒಲೆಗೆ ಹಾಕಲು ಒಳಗೆ ಹೋದಳು. ಘಾಟು ಏಳಲಿಲ್ಲ. ಘಾಟು ಏಳದಿದ್ದರೆ ದೃಷ್ಟಿ ಇತ್ತೆಂದು ಅರ್ಥ ಎಂದು ಸಿದ್ದಗಂಗಮ್ಮ ಪೂಜೆಯ ಕೋಣೆಯಿಂದಲೇ ಹೇಳಿದಳು. ಜೀವಿತಾ ಊಟದ ಡಬ್ಬಿ ಮುಚ್ಚುವಾಗ ಮುಚ್ಚಳವನ್ನು ಅಗತ್ಯಕ್ಕಿಂತ ಜೋರಾಗಿ ಒತ್ತಿದಳು.

ತೊಳೆಯುವ ಕೋಣೆಯಲ್ಲಿ ನೀರು ಬಿಡುವ ಸದ್ದಾಯಿತು. ರೇಣುಕಪ್ರಸಾದ ಎದ್ದು ಹೋಗಿ ಹೊಸ್ತಿಲ ಮೇಲೆ ನಿಂತ. ಚಿಕ್ಕಗೌರಮ್ಮ ಮಿಷಿನ್ನಿನ ಮುಂದೆ ಸ್ವಲ್ಪ ಹೊತ್ತು ಅನುಮಾನಿಸಿ, ಮೊದಲು ಬೆರಳ ಬೆನ್ನು ತಾಗಿಸಿ, ಆಮೇಲೆ ಇಡೀ ಅಂಗೈಯನ್ನು, ದನದ ಮೈ ನೇವರಿಸುವ ಹಾಗೆ, ಅದರ ಮೇಲಿಟ್ಟಳು. ಇಟ್ಟೇ ಇದ್ದಳು. "ಸುಮ್ಕಾಗೈತೆ ಸಾರ್" ಎಂದಳು. "ಒಳ್ಳೇ ಕೆಲ್ಸ ಮಾಡಿದ್ರಿ." ಅವನು ಹೂಂ ಎಂದ. ನೆಲದ ನೀರು ಆಕೆಯ ಪಾದಗಳನ್ನು ಸುತ್ತಿಕೊಂಡು ಮೋರಿಯ ಕಡೆ ಹರಿಯುತ್ತಿತ್ತು. ಭೀಮರಾಜುವಿನ ಮಾತನ್ನು ಅವನು ಹಿಂದಿನ ಸಂಜೆಯೇ ಜೀವಿತಾಳಿಗೆ ಹೇಳಿದ್ದ, ಲಿಖಿತಾಳಿಗೆ ಹೇಳಿದ್ದ, ತಾಯಿಗೆ ಎರಡು ಸಲ ಹೇಳಿದ್ದ. ಮೇಲಿನ ಮನೆಯ ವಿಮಲಮ್ಮನಿಗೂ ದೊಡ್ಡಪ್ಪನಿಗೂ ಬಾಡಿಗೆಯವರಿಗೂ ಬಾಗಿಲು ತಟ್ಟಿ ಹೇಳಿ ಬಂದಿದ್ದ. ಬೇಸಿಗೆ ಬಂದರೆ ದಿನವೂ ಗುಂಡಿಗೆ ಒಂದು ಕೊಡ ನೀರು ತಾನೇ ಹಾಕುವುದೆಂದು ತೀರ್ಮಾನಿಸಿದ್ದ, ಮತ್ತು ಹಾಗೆಯೇ ವರ್ಷ ವರ್ಷವೂ ಹಾಕಿದ. ಚಪ್ಪಲಿ ಹಾಕಿಕೊಂಡೇ ಒಳಗೆ ಬನ್ನಿ ಎಂದು ಮಾತ್ರ ಅವನು ಚಿಕ್ಕಗೌರಮ್ಮನಿಗೆ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.